ನಲ್ಲಿಯ ನೀರು ಹಿಂದಕ್ಕೂ ಹರಿಯುತ್ತದೆ

ಬೀದಿ ಲೈನಿನ ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿ ಸೋಪುನೀರಿನ ಬಕೆಟ್ಟಿನಲ್ಲಿ ಮುಳುಗಿದ್ದರೆ ಈಗಲೇ ಎತ್ತಿಬಿಡಿ. ದಿನ ಬಿಟ್ಟು ದಿನ ನೀರು ಬರುವ ನಮ್ಮ ಊರುಗಳಲ್ಲಿ, ಸರಬರಾಜು ನಿಂತೊಡನೆ ಕೊಳವೆಯ ಒತ್ತಡ ಕುಸಿಯುತ್ತದೆ. ಆಗ ಬಕೆಟ್ಟಿನಲ್ಲಿದ್ದದ್ದು ಕುಡಿಯುವ ನೀರಿನ ಲೈನಿಗೇ ಸೇರಿಹೋಗಬಹುದು.

ಒಮ್ಮೆ ಸಂಪಿನೊಳಗೆ ಇಣುಕಿ ನೋಡಿ. ಸಂಪು ತುಂಬಿದಾಗಲೂ ನೀರು ಬೀಳುವ ಕೊಳವೆಯ ಬಾಯಿ ನೀರಿಗಿಂತ ಮೇಲಿರಬೇಕು, ಕೊಳವೆಯ ವ್ಯಾಸದ ಎರಡರಷ್ಟಾದರೂ ಅಂತರ ಬೇಕು. ಆ ಖಾಲಿ ಜಾಗದಷ್ಟು ನಂಬಿಕಸ್ತ ಕಾವಲು ಬೇರೆ ಇಲ್ಲ, ಅದರಲ್ಲಿ ಕೆಟ್ಟುಹೋಗುವ ಭಾಗವೇ ಇಲ್ಲವಲ್ಲ! ನೀರನ್ನು ಒಂದೇ ದಿಕ್ಕಿಗೆ ಬಿಡುವ ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವ್) ಹಾಕಿಸುವುದು ಒಳ್ಳೆಯದೇ. ಆದರೆ ಮರಳು, ಕಸ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ.

ಬೋರ್‌ವೆಲ್ ಲೈನನ್ನು ಕಾರ್ಪೊರೇಷನ್ ಲೈನಿಗೆ ಒಂದು ವಾಲ್ವ್ ಇಟ್ಟು ಜೋಡಿಸೋಣ ಎಂದರೆ ಒಪ್ಪಬೇಡಿ. ಬೀದಿಯ ಲೈನಿಗೆ ನೇರವಾಗಿ ಮೋಟಾರ್ ಹಾಕುವುದಂತೂ ಬೇಡವೇ ಬೇಡ. ಅದು ಎಳೆಯುವ ರಭಸಕ್ಕೆ ಕೊಳವೆಯ ಬಿರುಕಿನಿಂದ ಚರಂಡಿ ನೀರೂ ಒಳಬರುತ್ತದೆ, ಅದನ್ನು ನೆರೆಮನೆಯ ಮಕ್ಕಳೂ ಕುಡಿಯುತ್ತಾರೆ.

ಹೋಟೆಲ್, ಆಸ್ಪತ್ರೆ ನಡೆಸುವವರ ಹೊಣೆ ಇನ್ನೂ ದೊಡ್ಡದು. 1933ರಲ್ಲಿ ಷಿಕಾಗೊದ ವಿಶ್ವಮೇಳದ ವೇಳೆ ಎರಡು ಹೋಟೆಲುಗಳ ದೋಷಪೂರಿತ ಕೊಳಾಯಿ ಜೋಡಣೆಯಿಂದ ಅಮೀಬಾ ಆಮಶಂಕೆ ಹರಡಿ 98 ಮಂದಿ ಸತ್ತರು. ಪಾತ್ರೆ ತೊಳೆಯುವ ತೊಟ್ಟಿ, ಬಾಯ್ಲರ್, ರಾಸಾಯನಿಕ ಬೆರೆಸುವ ಟ್ಯಾಂಕ್ ಇರುವಲ್ಲಿ ಹಿಮ್ಮುಖ ಹರಿವು ತಡೆಯುವ ಉಪಕರಣ ಹಾಕಿಸಿ, ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ.