ಹೊಲಕ್ಕೆ ಹೊಂದುವ ತರಕಾರಿ ತಳಿಯ ಆಯ್ಕೆ

ಮಳೆ, ಮಣ್ಣು, ಎತ್ತರ ಹಾಗೂ ಬೆಳೆ ಪದ್ಧತಿಗಳ ಆಧಾರದ ಮೇಲೆ ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಬಯಲುಸೀಮೆಯ ಹಲವು ತಾಲ್ಲೂಕುಗಳಲ್ಲಿ ಅದು 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹೀಗಿದ್ದರೂ ತರಕಾರಿ ಬೀಜ ಕೊಳ್ಳುವಾಗ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಎಕರೆಗೆ ಎಷ್ಟು ಇಳುವರಿ ಬರುತ್ತದೆ ಎಂಬುದನ್ನೇ. ತನ್ನ ಹೊಲದಲ್ಲಿ ಬೆಳೆ ಕೈಕೊಡುವುದು ಯಾವ ಕಾರಣಕ್ಕೆ, ಯಾವ ಹಂಗಾಮಿನಲ್ಲಿ ಎಂಬುದನ್ನು ರೈತ ಅದಕ್ಕೂ ಮುಂಚೆ ಗೊತ್ತುಮಾಡಿಕೊಳ್ಳಬೇಕು. ಆ ತೊಡಕನ್ನು ತಾಳಿಕೊಳ್ಳದ ತಳಿಯ ಇಳುವರಿ ಬೀಜದ ಪೊಟ್ಟಣದ ಮೇಲಷ್ಟೇ ಉಳಿಯುತ್ತದೆ.

ಕರಾವಳಿ ಮತ್ತು ಮಲೆನಾಡಿನ ಹುಳಿ ಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ ಬದನೆ, ಟೊಮೆಟೊ, ಮೆಣಸಿನ ಗಿಡಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ದುಂಡಾಣು ಸೊರಗು ರೋಗ. ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕುಳಿಯುವ ಈ ದುಂಡಾಣು ಬೇರಿನ ಮೂಲಕ ಕಾಂಡದೊಳಗೆ ಸೇರಿ ನೀರು ಸಾಗುವ ನಾಳಗಳನ್ನು ಕಟ್ಟಿಹಾಕುವುದರಿಂದ, ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡ ಕೆಲವೇ ದಿನಗಳಲ್ಲಿ ಜೋಲುಬೀಳುತ್ತದೆ. ಇದನ್ನು ಹೊಲದಲ್ಲಿಯೇ ಪರೀಕ್ಷಿಸಬಹುದು. ಸೊರಗಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ಅದರ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಭಾಗದಿಂದ ಹಾಲಿನ ಬಣ್ಣದ ಎಳೆಗಳು ಕೆಳಕ್ಕೆ ಇಳಿಯುವುದು ಕಾಣುತ್ತದೆ. ಶಿಲೀಂಧ್ರದಿಂದ ಬರುವ ಸೊರಗು ರೋಗದಲ್ಲಿ ಹೀಗಾಗುವುದಿಲ್ಲ. ದುಂಡಾಣುವೇ ಎಂದು ಖಚಿತವಾದ ನೆಲದಲ್ಲಿ ಔಷಧಕ್ಕೆ ಹಣ ಸುರಿಯುವುದಕ್ಕಿಂತ ತಳಿಯನ್ನೇ ಬದಲಿಸುವುದು ಜಾಣತನ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬದನೆ ತಳಿಗಳಾದ ಅರ್ಕಾ ನಿಧಿ, ಅರ್ಕಾ ಕೇಶವ ಮತ್ತು ಅರ್ಕಾ ನೀಲಕಂಠಗಳಿಗೆ ಈ ರೋಗವನ್ನು ತಡೆದುಕೊಳ್ಳುವ ಶಕ್ತಿಯಿದೆ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಹೈಬ್ರಿಡ್ ಟೊಮೆಟೊ ಸೊರಗು ರೋಗವಲ್ಲದೆ ಬಿಳಿನೊಣ ಹರಡುವ ಎಲೆ ಮುಟುರು ನಂಜುರೋಗ ಹಾಗೂ ಎಲೆ ಅಂಗಮಾರಿಯನ್ನೂ ತಾಳಿಕೊಳ್ಳುತ್ತದೆ.

ಕೆಲವು ಬೆಳೆಗಳಲ್ಲಿ ಮಣ್ಣಿಗಿಂತ ಹಗಲಿನ ಉದ್ದವೇ ಫಸಲನ್ನು ನಿರ್ಧರಿಸುತ್ತದೆ. ಬೆಂಗಳೂರು, ಕೋಲಾರ, ಮೈಸೂರು ಭಾಗದ ಹಳೆಯ ಅವರೆ ತಳಿಗಳು ಹಗಲು ಕಿರಿದಾಗಿ ಇರುಳು ದೀರ್ಘವಾದಾಗ ಮಾತ್ರ ಹೂಬಿಡುವ ಸ್ವಭಾವದವು. ಅವುಗಳನ್ನು ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಹುಲುಸಾಗಿ ಹಬ್ಬುತ್ತದೆಯೇ ಹೊರತು ಕಾಯಿ ಕಾಣುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಾಗೂ ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ಹೂಬಿಡುವುದರಿಂದ ವರ್ಷದ ಬೇರೆ ಹಂಗಾಮುಗಳಿಗೂ ಒಪ್ಪುತ್ತವೆ. ಹಾಗೆಂದು ಊರಿನ ಅವರೆಯನ್ನು ಕೈಬಿಡಬೇಕಾಗಿಲ್ಲ. ಚಳಿಗಾಲದ ಸಂತೆಯಲ್ಲಿ ಗಿರಾಕಿ ಅರಸುವುದು ಸೊಗಡನ್ನೇ ಆದ್ದರಿಂದ ಆ ಕಾಲಕ್ಕೆ ಊರ ತಳಿಯೇ ಲೇಸು. ಈರುಳ್ಳಿಯದೂ ಇಂಥದೇ ಸಂಗತಿ. ದೀರ್ಘ ಹಗಲಿನ ಶೀತ ದೇಶಗಳ ತಳಿಗಳು ನಮ್ಮಲ್ಲಿ ಗಡ್ಡೆ ಕಟ್ಟುವುದಿಲ್ಲ. ಕಿರು ಹಗಲಿನ ತಳಿಗಳಲ್ಲಿಯೂ ಹಂಗಾಮಿನ ಭೇದವಿದ್ದು, ನೇರಳೆ ಮಚ್ಚೆ ರೋಗವನ್ನು ಒಂದು ಮಟ್ಟಿಗೆ ತಡೆಯುವ ಅರ್ಕಾ ಕಲ್ಯಾಣ್ ಮುಂಗಾರಿಗೂ, ಚೆನ್ನಾಗಿ ದಾಸ್ತಾನು ತಾಳುವ ಅರ್ಕಾ ನಿಕೇತನ್ ಹಿಂಗಾರಿಗೂ ಹೊಂದುತ್ತವೆ.

ಹೂಕೋಸಿನಲ್ಲಿ ಉಷ್ಣಾಂಶ ಮುಖ್ಯವಾಗುತ್ತದೆ. ಬೇಗ ಬರುವ ತಳಿಯನ್ನು ತಡವಾಗಿ ಚಳಿಯಲ್ಲಿ ನೆಟ್ಟರೆ ಹೂ ಗುಂಡಿಯಷ್ಟಕ್ಕೇ ನಿಲ್ಲುತ್ತದೆ, ಚಳಿಯ ತಳಿಯನ್ನು ಸೆಕೆಯಲ್ಲಿ ನೆಟ್ಟರೆ ಬರೀ ಎಲೆ ಬೆಳೆಯುತ್ತದೆ.

ರೋಗ ನಿರೋಧಕ ಎಂಬ ಮಾತನ್ನು ಶಾಶ್ವತ ಭರವಸೆಯೆಂದು ತಿಳಿಯಬಾರದು. ಬೆಂಡೆಯ ಹಳದಿ ನಂಜುರೋಗವನ್ನು ತಡೆಯುವ ತಳಿಯೆಂದು ಮನ್ನಣೆ ಪಡೆದ ಅರ್ಕಾ ಅನಾಮಿಕಾ ಕಾಲಕ್ರಮದಲ್ಲಿ ಹಲವೆಡೆ ಅದೇ ರೋಗಕ್ಕೆ ತುತ್ತಾಗತೊಡಗಿತು, ಏಕೆಂದರೆ ನಂಜು ತಾನೂ ಮಾರ್ಪಡುತ್ತ ಹೋಗುತ್ತದೆ. ಆದ್ದರಿಂದ ಆಸುಪಾಸಿನ ಹೊಲಗಳಲ್ಲಿ ಕಳೆದ ಹಂಗಾಮಿನ ಬೆಳೆ ಹೇಗಿತ್ತು ಎಂದು ನೋಡಿ ತಿಳಿಯುವುದು ಹಳೆಯ ಕೈಪಿಡಿಯ ಮಾತಿಗಿಂತ ಹೆಚ್ಚು ನೆಚ್ಚತಕ್ಕದ್ದು. ನೆಲವೊಂದರಲ್ಲಿ ತಲೆಮಾರುಗಳಿಂದ ಬೆಳೆದುಬಂದ ತಳಿಗೂ ತನ್ನದೇ ಮಾರುಕಟ್ಟೆ ಇರುತ್ತದೆ. ಉಡುಪಿಯ ಮಟ್ಟು ಗುಳ್ಳ ಬದನೆ ಭೌಗೋಳಿಕ ಸೂಚಿಕೆ, ಅಂದರೆ ಹುಟ್ಟಿದ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಪಡೆದಿರುವುದು ಅದರ ರುಚಿಗೆ ಸಂದ ಗೌರವ.

ಹೊಸ ತಳಿಯನ್ನು ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕುವ ಸಾಹಸ ಬೇಡ. ರೂಢಿಯ ತಳಿಯ ಪಕ್ಕದಲ್ಲಿ ನಾಲ್ಕಾರು ಸಾಲು ನೆಟ್ಟು, ಎರಡಕ್ಕೂ ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು, ಕೊಯ್ಲಿನ ತೂಕ, ಸತ್ತ ಗಿಡಗಳ ಸಂಖ್ಯೆ ಹಾಗೂ ಮಾರುಕಟ್ಟೆಯಲ್ಲಿ ಸಿಕ್ಕ ದರವನ್ನು ಬರೆದಿಡಬೇಕು. ಹೈಬ್ರಿಡ್ ಬೆಳೆಯ ಬೀಜವನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಗಿಡಗಳು ನಾನಾ ಬಗೆಯಾಗಿ ಒಡೆಯುವುದರಿಂದ ಪ್ರತಿ ಬಾರಿಯೂ ಹೊಸ ಬೀಜ ಕೊಳ್ಳುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಅದರಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ ಹಾಗೂ ಅವಧಿಯನ್ನು ಓದಿಯೇ ಕೊಳ್ಳಬೇಕು. ಬೆಳೆ ವಿಫಲವಾದಾಗ ಪರಿಹಾರ ಕೇಳಲು ಇವೇ ಆಧಾರವಾಗುವುದರಿಂದ, ಆ ಚೀಟಿಯನ್ನೂ ಅಂಗಡಿಯ ರಸೀದಿಯನ್ನೂ ಕೊನೆಯ ಕೊಯ್ಲು ಮುಗಿಯುವವರೆಗೆ ರೈತರು ಜೋಪಾನವಾಗಿ ಇಟ್ಟುಕೊಳ್ಳಬೇಕು.