ಮನೆಯ ಪಾಠಕ್ಕೆ ಗಂಟೆಯ ಹಂಗೇಕೆ?



ಎಂಟು ವರ್ಷದ ಮಗಳನ್ನು ಶಾಲೆಗೆ ಕಳುಹದೆ ಮನೆಯಲ್ಲಿಯೇ ಓದಿಸುತ್ತಿರುವ ತಾವು, ವಿಷಯಕ್ಕೆ 40 ನಿಮಿಷದಂತೆ ರಚಿಸಿದ ವೇಳಾಪಟ್ಟಿಯು ದಿನವೂ ತಪ್ಪುತ್ತಿರುವುದನ್ನು ಕಂಡು ಖಿನ್ನರಾಗಿರುವಿರಿ. ಬಹುಮಂದಿ ಮಕ್ಕಳನ್ನೂ ಕೆಲವೇ ಉಪಾಧ್ಯಾಯರನ್ನೂ ಹೊಂದಿಸಿಕೊಂಡು ಹೋಗಬೇಕಾದ ಶಾಲೆಗೆ ಅಂಥ ಅವಧಿಗಳು ಅನಿವಾರ್ಯ. ಒಬ್ಬಳೇ ವಿದ್ಯಾರ್ಥಿನಿಯಿರುವ ಗೃಹಕ್ಕೆ ಆ ನಿರ್ಬಂಧವೇಕೆ? ಅಡುಗೆಮನೆಯಲ್ಲಿ ಒಂದು ಪಾವು ಅಕ್ಕಿಯನ್ನೂ ಒಂದು ಪಾವು ಅವಲಕ್ಕಿಯನ್ನೂ ತಕ್ಕಡಿಗೆ ಹಾಕಿ, ಅಳತೆ ಒಂದೇ ಆದರೂ ತೂಕ ಬೇರೆಯಾದುದೇಕೆಂದು ಅವಳು ಬೆರಗಾಗಿ ಕುಳಿತಿದ್ದಾಗ, ಕನ್ನಡ ಪಾಠದ ಹೊತ್ತಾಯಿತೆಂದು ಎಬ್ಬಿಸಿದೆನೆಂದು ಬರೆದಿದ್ದೀರಿ. ಅಂದಿನ ನಿಜವಾದ ಪಾಠ ಆ ತಕ್ಕಡಿಯಲ್ಲಿತ್ತು, ಸೋದರಿ. ಮಾಂಟೆಸೊರಿ ಪದ್ಧತಿಯಲ್ಲಿ ಸುಮಾರು ಮೂರು ಗಂಟೆಗಳ ಅಖಂಡ ಕಾಲವನ್ನು ಮಕ್ಕಳ ಕೆಲಸಕ್ಕೆ ಮೀಸಲಿಡುವುದು ಇಂಥ ತನ್ಮಯತೆಗೆ ಭಂಗ ಬಾರದಿರಲೆಂದೇ.

ಊಟ, ನಿದ್ರೆ, ಬೆಳಗಿನ ಕಿಂಚಿತ್ ಓದುಬರಹ, ಇಷ್ಟು ಮಾತ್ರ ಕ್ರಮ ತಪ್ಪದಿರಲಿ. ಮಿಕ್ಕಂತೆ, ಅವಳು ಮಾಡಿದುದನ್ನು ಸಂಜೆ ಒಂದು ಪುಸ್ತಕದಲ್ಲಿ ಗುರುತುಹಾಕಿಕೊಂಡರೆ ಸಾಕು. ಪರೀಕ್ಷೆಯ ಚಿಂತೆಯೂ ಬೇಡ. ಶಾಲೆಗೆ ಹೋಗದವರಿಗೂ ಪರೀಕ್ಷೆ ನಡೆಸುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಸೇರಿದ ಮೇಲೂ ವಿಷಯಗಳನ್ನು ಬಿಡಿಬಿಡಿಯಾಗಿ ಬರೆದು ಮುಗಿಸಲು 5 ವರ್ಷಗಳ ಅವಕಾಶವುಂಟು. ಆದುದರಿಂದ ಈಗ ಅವಳಿಗೆ ಬೇಕಾದಷ್ಟು ಹೊತ್ತನ್ನು ಧಾರಾಳವಾಗಿ ಕೊಡಿರಿ.