‘ಸೆಟ್’ ಪದಕ್ಕೆ ಎಷ್ಟು ಅರ್ಥ?

ಪ್ರಶ್ನೆ: ಇಂಗ್ಲಿಷಿನ ‘ಸೆಟ್’ ಪದಕ್ಕೆ ನಾನೂರಕ್ಕೂ ಹೆಚ್ಚು ಅರ್ಥಗಳಿವೆಯಂತೆ, ನಿಜವೇ? ಅಷ್ಟು ಪುಟ್ಟ ಪದಕ್ಕೆ ಅಷ್ಟೊಂದು ಅರ್ಥ ಬಂದದ್ದು ಹೇಗೆ? ಅದಕ್ಕೆ ಸರಿಯಾದ ಸಮಾನಾರ್ಥಕ ಪದ ಯಾವುದು?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಜ. 1989ರಲ್ಲಿ 20 ಸಂಪುಟಗಳಾಗಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳನ್ನು ಕೊಡುತ್ತದೆ. ಅವುಗಳ ವಿವರಣೆಗೇ ಸುಮಾರು 60,000 ಪದ ಬೇಕಾಯಿತು; ಒಂದು ಕಾದಂಬರಿ ಬರೆಯಬಹುದಾದಷ್ಟು ಜಾಗ. ಆದರೆ ಆ ದಾಖಲೆ ಈಗ ಮುರಿದಿದೆ. ಮೂರನೇ ಆವೃತ್ತಿಗಾಗಿ ಪೀಟರ್ ಗಿಲಿವರ್ ಎಂಬ ಸಂಪಾದಕರು ‘ರನ್’ ಕ್ರಿಯಾಪದ ಒಂದನ್ನೇ ಹಿಡಿದು ಒಂಬತ್ತು ತಿಂಗಳು ಕೂತರು, 645 ಅರ್ಥಗಳನ್ನು ಬಿಡಿಸಿಟ್ಟರು. 2011ರಲ್ಲಿ ಇದು ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಈ ಲೆಕ್ಕ ಕೇಳಿ ಕಂಗಾಲಾಗಬೇಕಿಲ್ಲ. ನಿಘಂಟುಕಾರರ ಜರಡಿ ಬಹಳ ಸಣ್ಣ ಕಣ್ಣಿನದು. ಬೋನು ಇಡುವುದು, ಮೂಳೆ ಕೂರಿಸುವುದು, ದಿನ ಗೊತ್ತು ಮಾಡುವುದು, ಎಲ್ಲವೂ ಅವರಿಗೆ ಬೇರೆ ಬೇರೆ ಅರ್ಥ. ಅದರ ಜೊತೆಗೆ ‘ಅಪ್’, ‘ಆಫ್’, ‘ಇನ್’, ‘ಅಸೈಡ್’ ಮುಂತಾದ ಬಾಲಗಳು ಅಂಟಿಕೊಂಡಾಗ ಹುಟ್ಟುವ ಅರ್ಥಗಳೂ ಸೇರುತ್ತವೆ. ನಮ್ಮ ‘ಹಾಕು’ ಅದೇ ಜರಡಿಗೆ ಬಿದ್ದರೆ ಏನಾದೀತು ನೋಡಿ: ಬೀಗ ಹಾಕು, ಸಹಿ ಹಾಕು, ರಂಗೋಲಿ ಹಾಕು, ಗೊಬ್ಬರ ಹಾಕು, ಓಟು ಹಾಕು, ಶಾಪ ಹಾಕು, ಲೆಕ್ಕ ಹಾಕು, ಹಸು ಕರು ಹಾಕಿತು, ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ಯಾವ ಎರಡರಲ್ಲೂ ಒಂದೇ ಕೆಲಸ ನಡೆಯುತ್ತಿಲ್ಲ. ಆದರೂ ಕನ್ನಡದ ಮಕ್ಕಳು ಯಾರೂ ಇದರ ಪಟ್ಟಿಯನ್ನು ಉರು ಹೊಡೆದಿಲ್ಲ.

ಇನ್ನು ಅರ್ಥಗಳು ಬಂದ ದಾರಿ. ‘ಸೆಟ್’ ಎಂಬುದು ಅಸಲಿಗೆ ಒಂದು ಪದವಲ್ಲ, ಎರಡು. ಕ್ರಿಯಾಪದದ ಮೂಲ ಹಳೆಯ ಇಂಗ್ಲಿಷಿನ ‘ಸೆಟ್ಟನ್’. ಅದು ‘ಕೂರು’ ಎನ್ನುವ ಧಾತುವಿನ ಪ್ರೇರಣಾರ್ಥಕ ರೂಪ, ಅಂದರೆ ಅಚ್ಚುಕಟ್ಟಾಗಿ ನಮ್ಮ ‘ಕೂರಿಸು’. ಈ ಒಂದು ಎಳೆ ಹಿಡಿದರೆ ಅರ್ಧ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಕ್ಕಸಾಲಿಗ ಉಂಗುರದಲ್ಲಿ ಹರಳು ಕೂರಿಸುತ್ತಾನೆ. ಇಂಗ್ಲಿಷಿನಲ್ಲೂ ಅದಕ್ಕೆ ‘ಸೆಟ್’. ನಾಟಿ ವೈದ್ಯರು ಜರುಗಿದ ಮೂಳೆ ಕೂರಿಸುತ್ತಾರೆ, ಅಲ್ಲೂ ‘ಸೆಟ್’. ಕೂರಿಸಿದ್ದು ಅಲ್ಲಾಡಬಾರದು ತಾನೇ? ಹಾಗಾಗಿ ಸಿಮೆಂಟು ಗಟ್ಟಿಯಾಗುವುದು, ಮೊಸರು ಹೆಪ್ಪುಗಟ್ಟುವುದು, ಬೆಲೆ ಕಟ್ಟುವುದು, ಮದುವೆಗೆ ದಿನ ನಿಗದಿಯಾಗುವುದು, ಎಲ್ಲ ಇದೇ ಮನೆತನಕ್ಕೆ ಸೇರಿದವು. ಸೂರ್ಯ ಮುಳುಗುವುದಕ್ಕೂ ಇದೇ ಪದ. ಮಳೆಗಾಲ ಶುರುವಾಗಿ ನೆಲೆ ನಿಂತಿತು ಎನ್ನಲು ಅವರು ‘ಸೆಟ್ ಇನ್’ ಎನ್ನುತ್ತಾರೆ, ನಾವು ‘ಮಳೆ ಹಿಡಿಯಿತು’ ಎನ್ನುತ್ತೇವೆ. ನನಗಂತೂ ನಮ್ಮದೇ ಹೆಚ್ಚು ಇಷ್ಟ.

ಎರಡನೆಯದು ‘ಗುಂಪು, ಜೋಡಣೆ’ ಎಂಬ ಅರ್ಥದ ನಾಮಪದ. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದಿರುವುದು ಲ್ಯಾಟಿನ್ನಿನ ‘ಸೆಕ್ಟಾ’. ಪಂಥ ಎಂಬ ಅರ್ಥದ ‘ಸೆಕ್ಟ್’ ಇದಕ್ಕೆ ಒಡಹುಟ್ಟು. ಗಣಿತದ ಪಾಠದಲ್ಲಿ ನಾವು ‘ಗಣ’ ಎನ್ನುವುದು, ಒಡವೆ ಅಂಗಡಿಯವರು ಸರ–ಓಲೆ ಸೇರಿಸಿ ‘ಸೆಟ್’ ಎನ್ನುವುದು, ಹೋಟೆಲಿನ ಸೆಟ್ ದೋಸೆ, ಇವೆಲ್ಲ ಈ ಕಡೆಯ ನೆಂಟರು. ಸಿನಿಮಾದ ಸೆಟ್ ಮಾತ್ರ ಮೊದಲ ಮನೆಯದು, ದೃಶ್ಯಕ್ಕೆ ತಕ್ಕಂತೆ ನಿಲ್ಲಿಸಿದ್ದು. ಕಾಗುಣಿತ ಒಂದೇ ಆದ್ದರಿಂದ ಎರಡು ಮನೆಯವರೂ ಶತಮಾನಗಳಿಂದ ಬೆರೆತುಹೋಗಿದ್ದಾರೆ, ಕೆಲವು ಕಡೆ ಬೇರ್ಪಡಿಸುವುದು ಪಂಡಿತರಿಗೂ ಕಷ್ಟ.

ಕೊನೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ: ‘ಸೆಟ್’ಗೆ ಸಮಾನಾರ್ಥಕ ಪದವೇ ಇಲ್ಲ. ಒಂದೊಂದು ಬಳಕೆಗೆ ಉಂಟು, ಅಷ್ಟೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಬಂದು ಕೂತಿತು. ಪಂಡಿತರು ಲ್ಯಾಟಿನ್ ತಂದರು. ಹಾಗಾಗಿ ಮನೆಮಾತಿನ ‘ಸೆಟ್ ಅಪ್’ ಇದ್ದಲ್ಲೇ ಗತ್ತಿನ ‘ಎಸ್ಟಾಬ್ಲಿಷ್’ ಕೂಡ ಇದೆ. ನಮ್ಮಲ್ಲಿ ಅಂಗಡಿ ‘ಇಡುತ್ತೇವೆ’, ಸಂಸ್ಥೆ ‘ಸ್ಥಾಪಿಸುತ್ತೇವೆ’. ಅರ್ಥ ಹತ್ತಿರ, ತೂಕ ಬೇರೆ. ಬೀದಿ ಬದಿಯಲ್ಲಿ ಒಬ್ಬರು ಬೋಂಡದ ಗಾಡಿ ‘ಸ್ಥಾಪಿಸಿದರು’ ಎಂದರೆ ಓದಿದವರು ನಗುತ್ತಾರೆ.

ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರಿಗೆ ಇದು ಗೊತ್ತಿತ್ತು. 1852ರಲ್ಲಿ ಅವರು ಹೊರತಂದ ‘ಥಿಸಾರಸ್’ ಪದಗಳನ್ನು ಅಕಾರಾದಿಯಾಗಿ ಅಲ್ಲ, ಭಾವನೆ–ವಿಚಾರಗಳ ಪ್ರಕಾರ ಗುಂಪು ಕಟ್ಟಿತು. ಇಂಥ ಕ್ರಮ ಹಿಂದೆಯೇ ಇತ್ತು ಎನ್ನುತ್ತ ಅದರ ಮುನ್ನುಡಿಯಲ್ಲಿ ರೋಜೆ ಹೆಸರಿಸುವುದು ನಮ್ಮ ಅಮರಕೋಶವನ್ನು! ಕೋಲ್‌ಬ್ರೂಕ್ ಮಾಡಿದ ಅದರ ಇಂಗ್ಲಿಷ್ ಅನುವಾದ 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾಗಿತ್ತು. ನಮ್ಮ ಅಜ್ಜಂದಿರು ಬಾಯಿಪಾಠ ಮಾಡುತ್ತಿದ್ದ ಕೋಶದ ಹೆಸರು ಲಂಡನ್ನಿನ ಪುಸ್ತಕದಲ್ಲಿ ಹೀಗೆ ಎದುರಾಗುತ್ತದೆ.

ಥಿಸಾರಸ್ಸಿನಿಂದ ಒಂದು ಪದ ಕಿತ್ತು ಎಲ್ಲಿ ಬೇಕಾದರೂ ಅಂಟಿಸಿದರೆ ಅಪಾಯ. ಮೇಲಿನ ನ್ಯಾಯಾಲಯ ಕೆಳ ನ್ಯಾಯಾಲಯದ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿತು ಎಂಬುದನ್ನು ‘ಪಕ್ಕಕ್ಕಿಟ್ಟಿತು’ ಎಂದು ಬರೆದರೆ, ಮುಂದೆ ಯಾವಾಗಲೋ ಎತ್ತಿಕೊಳ್ಳುತ್ತಾರೆ ಎಂದು ಓದುಗರು ಕಾಯುತ್ತಾರೆ. ಅಲ್ಲಿ ಆದದ್ದು ರದ್ದು. ಅದೇ ಮಾತನ್ನು ಸಂಬಳದಲ್ಲಿ ಸ್ವಲ್ಪ ದುಡ್ಡಿನ ಬಗ್ಗೆ ಹೇಳಿದಾಗ ‘ಎತ್ತಿಟ್ಟರು’ ಎನ್ನುವುದೇ ಸರಿ.

ಆದ್ದರಿಂದ ತಿಪಟೂರಿನ ಓದುಗರೇ, ಬರೀ ಪದವನ್ನು ಕಳಿಸಬೇಡಿ. ನಿಮ್ಮನ್ನು ಕಾಡಿದ ವಾಕ್ಯವನ್ನು ಪೂರ್ತಿಯಾಗಿ ಬರೆದು ಕಳಿಸಿ, ಅಲ್ಲಿಗೆ ಹೊಂದುವ ಕನ್ನಡವನ್ನು ಹುಡುಕೋಣ.